ಫಟಫಟಿಯ ಹ್ಯಾಂಡಲ್ ಯಾರ ಕೈಯಲ್ಲಿ?

ದಾವಣಗೆರೆಯ ಉಳ್ಳವರ ಮನೆಗಳಲ್ಲಿ ಈಗ ವಿಯೆಟ್ನಾಮಿನ ಮಾತು ಹೆಚ್ಚಾಗಿದೆ. ಹಿಂದೆ ಮದುವೆಯಾದ ಹೊಸದರಲ್ಲಿ ಊಟಿ, ಕೈಯಲ್ಲಿ ನಾಲ್ಕು ಕಾಸು ಹೆಚ್ಚಿಗೆ ಆಡಿದರೆ ಸಿಂಗಾಪುರ ಎನ್ನುತ್ತಿದ್ದವರು ಈಗ ಹನಾಯ್ ಎನ್ನುತ್ತಾರೆ, ದಾನಾಂಗ್ ಎನ್ನುತ್ತಾರೆ. 2024ರಲ್ಲಿ ಭಾರತದಿಂದ ಆ ದೇಶಕ್ಕೆ ಹೋಗಿ ಬಂದವರು ಸುಮಾರು 5 ಲಕ್ಷ ಮಂದಿ. ಅವರಲ್ಲಿ ತರುಣರಾದವರು ಪಟ್ಟಣಗಳಲ್ಲಿ ನಿಲ್ಲದೆ ಉತ್ತರದ ಬೆಟ್ಟಸೀಮೆಗೆ ಹೋಗಿ, ಅಲ್ಲಿಯ ಹಳ್ಳಿಗನೊಬ್ಬನ ಮೋಟಾರು ಸೈಕಲ್ಲಿನ ಹಿಂದೆ ಕುಳಿತು ಮೂರು ನಾಲ್ಕು ದಿನ ಸುತ್ತಿ, ಅವನು ತೋರಿದ ಮನೆಯಲ್ಲಿ ಉಂಡು ಮಲಗಿ, ಓಲೆಯ ಟೋಪಿ ಹಾಕಿಕೊಂಡ ಫೋಟೋಗಳೊಡನೆ ಮರಳುತ್ತಾರೆ. ಇದನ್ನು ಕಂಡು ಮೂಗು ಮುರಿಯುವ ಸಂಗಾತಿಗಳು ನಮ್ಮಲ್ಲಿ ಇಲ್ಲದಿಲ್ಲ. ಹಣವಂತರ ಮಕ್ಕಳ ಮೋಜು, ದುಡಿಯುವವರ ಪತ್ರಿಕೆಗೆ ಇದರಿಂದೇನು ಎಂದು ಅವರು ಕೇಳುತ್ತಾರೆ.

ನಮಗೆ ಹಾಗೆ ಅನ್ನಿಸುವುದಿಲ್ಲ. ಜಾತ್ರೆಗೆ ಗಾಡಿ ಕಟ್ಟಿದ ಜನ ನಾವು, ಊರೂರು ನಡೆದ ಜಂಗಮರ ನಾಡಿನವರು. ಊರು ಬಿಟ್ಟು ಊರು ನೋಡುವುದು ಉಳ್ಳವರ ಸೊತ್ತಾದದ್ದೇ ಮೊದಲನೆಯ ಅನ್ಯಾಯ. ಆದರೆ ಈಗ ಆ ಮಾತು ಬೇಡ. ಮೋಟಾರು ಸೈಕಲ್ಲಿನ ಹಿಂದೆ ಕುಳಿತವನನ್ನು ಬಿಟ್ಟು ಮುಂದೆ ಕುಳಿತವನ ಕಡೆ ನೋಡೋಣ. ಹ್ಯಾಂಡಲ್ ಹಿಡಿದ ಆ ಮನುಷ್ಯ ಯಾರು? ಅವನ ಕೈಗೆ ಅದು ಹೇಗೆ ಬಂತು? ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲೂ ಬೀದಿಬೀದಿಗೆ ಫಟಫಟಿಗಳಿವೆ. ಅಲ್ಲಿಯ ಹುಡುಗನಿಗೆ ಅದೇ ಫಟಫಟಿ ಒಂದು ಹೊತ್ತಿನ ಗೌರವದ ದುಡಿಮೆಯನ್ನು ಏಕೆ ತಂದುಕೊಡುವುದಿಲ್ಲ?

ವಿಯೆಟ್ನಾಮಿನ ಜನಸಂಖ್ಯೆ ಸುಮಾರು 10 ಕೋಟಿ. ಅಲ್ಲಿ ನೋಂದಣಿಯಾದ ಮೋಟಾರು ಸೈಕಲ್ಲುಗಳು 7 ಕೋಟಿಗೂ ಮೇಲೆ. ಬಾಡಿಗೆಗೆ ಒಬ್ಬನನ್ನು ಹಿಂದೆ ಕೂರಿಸಿಕೊಂಡು ಹೋಗುವ ಕಸಬಿಗೆ ಅವರ ಭಾಷೆಯಲ್ಲಿ 'ಸೆ ಓಮ್' ಎಂದು ಹೆಸರು. ಅಪ್ಪಿಕೊಂಡು ಕೂರುವ ಗಾಡಿ ಎಂದು ಅದರ ಅರ್ಥ. ಇದಕ್ಕೂ ಮೊದಲು ಅವರದು ಸೈಕಲ್ಲಿನ ದೇಶ. 1954ರಲ್ಲಿ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರ ಸೊಕ್ಕು ಮುರಿದಾಗ, ಬೆಟ್ಟಗಳ ನಡುವೆ ಅಕ್ಕಿ ಮದ್ದುಗುಂಡು ಸಾಗಿಸಿದ್ದು ಸುಮಾರು 20,000 ಸೈಕಲ್ಲುಗಳು. ಹ್ಯಾಂಡಲಿಗೆ ಬಿದಿರು ಕಟ್ಟಿ, ಒಂದೊಂದರ ಮೇಲೆ ಎರಡು ಕ್ವಿಂಟಲಿಗೂ ಮೇಲೆ ಹೇರಿ, ರೈತರು ಅವನ್ನು ತಳ್ಳಿಕೊಂಡು ನಡೆದರು. ಅದಾದ ನಾಲ್ಕನೆಯ ವರ್ಷ, 1958ರ ಫೆಬ್ರುವರಿಯಲ್ಲಿ, ಹೋ ಚಿ ಮಿನ್ ಭಾರತಕ್ಕೆ ಬಂದು ಹೋದರು.

ನಮ್ಮ ತರುಣರು ಹೋಗುವ ಬೆಟ್ಟಸೀಮೆಗೆ ಹಾ ಜಾಂಗ್ ಎಂದು ಹೆಸರು. 2025ರ ಜುಲೈಯಿಂದ ಅದು ಪಕ್ಕದ ತುಯೆನ್ ಕ್ವಾಂಗ್ ಪ್ರಾಂತದಲ್ಲಿ ಸೇರಿಹೋಗಿದೆ. ಜನ ಮಾತ್ರ ಹಳೆಯ ಹೆಸರನ್ನೇ ಹೇಳುತ್ತಾರೆ. ಅಲ್ಲಿಯ ಮುಖ್ಯ ರಸ್ತೆಗೆ 'ಸುಖದ ದಾರಿ' ಎಂಬ ಹೆಸರಿದೆ. ಸುಮಾರು 180 ಕಿಲೋಮೀಟರಿನ ಈ ದಾರಿಯನ್ನು 1959ರಿಂದ 1965ರವರೆಗೆ ಹದಿನಾರು ಬುಡಕಟ್ಟು ಜನಾಂಗಗಳ ತರುಣ ತರುಣಿಯರು ಹಾರೆ, ಸುತ್ತಿಗೆ, ಉಳಿಗಳಿಂದ ಕಡಿದರು. ಮಾ ಪಿ ಲೆಂಗ್ ಎಂಬ ಕಣಿವೆಯ ಮೇಲಿನ ಬಂಡೆಗೆ ಹಗ್ಗ ಕಟ್ಟಿಕೊಂಡು ಜೋತಾಡುತ್ತ ಹನ್ನೊಂದು ತಿಂಗಳು ಕಲ್ಲು ಒಡೆದರು. ಹದಿನಾಲ್ಕು ಮಂದಿ ಸತ್ತರು. ಇಂದು ಆ ದಾರಿಯಲ್ಲಿ ಹ್ಮಾಂಗ್ ಜನಾಂಗದ ಹುಡುಗನೊಬ್ಬ ಪರದೇಶದವನನ್ನು ಹಿಂದೆ ಕೂರಿಸಿಕೊಂಡು ಹೋಗುವಾಗ, ಅವನಿಗೆ ಅದು ಸರಕಾರ ಹಾಕಿಕೊಟ್ಟ ರಸ್ತೆಯಲ್ಲ. ಅವನ ಅಜ್ಜ ಕಡಿದ ರಸ್ತೆ ಇರಬಹುದು. ಗೈಡಿನ ಬಿಲ್ಲೆ ಕೊರಳಿಗೆ ಹಾಕಿಕೊಂಡು ಉರುಹೊಡೆದದ್ದನ್ನು ಒಪ್ಪಿಸುವ ಪಟ್ಟಣದವನ ಬಾಯಿಂದ ಈ ಕಥೆಯ ಸಾರ ಬರಲಾರದು.

ದಕ್ಷಿಣದ ದಾ ಲಾತ್ ಊರಿನ ಕಥೆ ಬೇರೆ ರೀತಿಯದು. 1975ರಲ್ಲಿ ಸೈಗಾನ್ ಸರಕಾರ ಬಿದ್ದ ಮೇಲೆ ಅದರ ಸೈನ್ಯದಲ್ಲಿದ್ದವರು ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟರು. ಹೊರಗೆ ಬಂದರೂ ಅವರಿಗೆ ಸರಕಾರಿ ಕೆಲಸದ ಬಾಗಿಲು ತೆರೆಯಲಿಲ್ಲ. ಹಳೆಯ ಫಟಫಟಿಯೂ ಅಮೆರಿಕನರ ಜತೆ ಕಲಿತ ಇಂಗ್ಲಿಷೂ ಮಾತ್ರ ಅವರಿಗೆ ಉಳಿದಿದ್ದವು. 1990ರ ದಶಕದಲ್ಲಿ ಪರದೇಶದ ಪ್ರವಾಸಿಗರು ಬರತೊಡಗಿದಾಗ ಅವರು ಇವೆರಡನ್ನೂ ಕಸಬು ಮಾಡಿಕೊಂಡರು. ಸೋತವರಿಗೂ ಬದುಕುವ ದಾರಿಯೊಂದನ್ನು ಆ ಗಾಡಿ ತೋರಿತು. ಕ್ರಾಂತಿ ಮಾಡಿದ ಪಕ್ಷ ಅದನ್ನು ತೋರಿಸಲಿಲ್ಲ ಎಂಬುದನ್ನು ಸಮಾಜವಾದಿಗಳಾದ ನಾವು ಮುಚ್ಚಿಡಬೇಕಾದ ಕಾರಣವಿಲ್ಲ.

ಇಲ್ಲೊಂದು ಕಾನೂನಿನ ವಿಚಿತ್ರವನ್ನು ಗಮನಿಸಬೇಕು. ಪರದೇಶದವನು 50 ಸಿಸಿ ಮೀರಿದ ಗಾಡಿಯನ್ನು ಅಲ್ಲಿ ಓಡಿಸಬೇಕಾದರೆ 1968ರ ವಿಯೆನ್ನಾ ಒಪ್ಪಂದದ ಪ್ರಕಾರ ಕೊಟ್ಟ ಅಂತರರಾಷ್ಟ್ರೀಯ ಪರ್ಮಿಟ್ಟು ಬೇಕು. ಭಾರತ ಕೊಡುವುದು 1949ರ ಜಿನೀವಾ ಒಪ್ಪಂದದ ಪರ್ಮಿಟ್ಟು. ಆದುದರಿಂದ ದಾವಣಗೆರೆಯ ಶ್ರೀಮಂತನ ಮಗನ ಕಿಸೆಯಲ್ಲಿ ಎಷ್ಟೇ ಹಣವಿದ್ದರೂ ಕಾನೂನಿನಂತೆ ಅವನು ಹಿಂದೆಯೇ ಕೂರತಕ್ಕದ್ದು, ಹ್ಯಾಂಡಲ್ ಹಳ್ಳಿಯವನದು. ಯಾರೂ ಬೇಕೆಂದು ಮಾಡಿದ ಸಮಾಜವಾದವಲ್ಲ ಇದು. ಆದರೂ ಫಲ ಕೊಟ್ಟಿದೆ. ಬಾಡಿಗೆಯ ಗಾಡಿಯನ್ನು ತಾನೇ ಓಡಿಸಿಕೊಂಡು ಹೋಗುವ ಪ್ರವಾಸಿ ಪೆಟ್ರೋಲಿನ ಅಂಗಡಿಗೂ ಹೋಟೆಲಿನ ಧಣಿಗೂ ದುಡ್ಡು ಕೊಟ್ಟು ಹೊರಟುಹೋಗುತ್ತಾನೆ. ಹಿಂದೆ ಕುಳಿತವನು ದಿನವೆಲ್ಲ ಒಬ್ಬ ಹಳ್ಳಿಗನ ಜತೆ ಮಾತಾಡಬೇಕಾಗುತ್ತದೆ, ಅವನು ನಿಲ್ಲಿಸಿದಲ್ಲಿ ಇಳಿಯಬೇಕಾಗುತ್ತದೆ.

ಹಾಗೆಂದು ವಿಯೆಟ್ನಾಮನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಹನಾಯ್‌ನಲ್ಲಿ ಕುಳಿತ ಏಜೆಂಟರು ಮುಂಗಡ ಹಣ ಹಿಡಿದು, ತಮ್ಮ ಪಾಲು ಮುರಿದುಕೊಂಡು, ಉಳಿದದ್ದನ್ನು ಬೆಟ್ಟದವನಿಗೆ ದಾಟಿಸುತ್ತಾರೆ. ದಾರಿಯ ತಿರುವುಗಳಲ್ಲಿ ಎಳೆಯ ಮಕ್ಕಳು ಶಾಲೆ ಬಿಟ್ಟು ಬೆನ್ನಿಗೆ ಹೂವಿನ ಬುಟ್ಟಿ ಕಟ್ಟಿಕೊಂಡು ಫೋಟೋಕ್ಕೆ ನಿಂತು ಚಿಲ್ಲರೆ ಕೇಳುತ್ತಾರೆ. ಹದಿನಾಲ್ಕು ಮಂದಿ ಪ್ರಾಣ ಕೊಟ್ಟ ದಾರಿಯ ಆ ಮಾ ಪಿ ಲೆಂಗ್ ಕಣಿವೆಯ ನೆತ್ತಿಯ ಮೇಲೆಯೇ ಪರವಾನಗಿಯಿಲ್ಲದೆ ಏಳು ಅಂತಸ್ತಿನ ಹೋಟೆಲು ಎದ್ದು 2019ರಲ್ಲಿ ದೇಶವೆಲ್ಲ ಗದ್ದಲವಾಯಿತು. ಪಕ್ಷದ ಅಂಕೆಗೆ ಒಳಪಡದ ಕಾರ್ಮಿಕ ಸಂಘ ಅಲ್ಲಿ ಇಂದಿಗೂ ಕಾಗದದ ಮಾತು. ಕೆಂಪು ಬಾವುಟದ ಕೆಳಗೂ ದಲ್ಲಾಳಿ ಬದುಕಬಲ್ಲ. ಇಷ್ಟಾದರೂ ಒಂದು ಮಾತು ನಿಲ್ಲುತ್ತದೆ: ಒಂದು ಗಾಡಿ ಇರುವ ಬಡವನು ಆ ಗಾಡಿಯಿಂದಲೇ ಅತಿಥಿಯನ್ನು ಕರೆದೊಯ್ದು ತಲೆಯೆತ್ತಿ ದುಡಿಯಬಲ್ಲನು.

ಈಗ ನಮ್ಮ ಕಡೆ ಬರೋಣ. ವಿಯೆಟ್ನಾಮಿನ ಈ ಸುತ್ತಾಟಕ್ಕೆ ಅತಿ ಹತ್ತಿರವಾದದ್ದು ಕನ್ನಡನಾಡಿನಲ್ಲಿ ಎಲ್ಲಾದರೂ ಬೆಳೆದಿದ್ದರೆ ಅದು ಹಂಪೆಯ ಎದುರು ದಡದಲ್ಲಿ, ತುಂಗಭದ್ರೆಯ ಆಚೆಯ ವಿರೂಪಾಪುರ ಗಡ್ಡೆಯಲ್ಲಿ. ಪರದೇಶದವರು ದೋಣಿಯಲ್ಲಿ ಹೊಳೆ ದಾಟಿ ಗಡ್ಡೆಯಲ್ಲಿ ಇಳಿಯುತ್ತಿದ್ದರು. ಮೊಪೆಡ್ ಬಾಡಿಗೆಗೆ ಹಿಡಿದು ಬತ್ತದ ಗದ್ದೆಗಳ ನಡುವೆ ಆನೆಗೊಂದಿ, ಸಣಾಪುರ ಸುತ್ತುತ್ತಿದ್ದರು. ಬಾಡಿಗೆಗೆ ಕೊಡುವವರು, ರಿಪೇರಿ ಮಾಡುವವರು, ದೋಣಿ ಹಾಕುವವರು, ಅಡಿಗೆಯವರು ಎಲ್ಲರೂ ಸುತ್ತಮುತ್ತಲಿನವರೇ. ಯಾವ ಮಂತ್ರಿಯೂ ಶಂಕುಸ್ಥಾಪನೆ ಮಾಡದೆ, ಯಾವ ಯೋಜನಾ ವರದಿಯೂ ಇಲ್ಲದೆ, ತಾನಾಗಿ ಬೆಳೆದದ್ದು ಅದು.

ತಾನಾಗಿ ಬೆಳೆದದ್ದರಿಂದಲೇ ಅಡ್ಡಾದಿಡ್ಡಿಯಾಗಿಯೂ ಬೆಳೆಯಿತು. ಬೇಸಾಯದ ಭೂಮಿಯಲ್ಲಿ, ಸ್ಮಾರಕಗಳ ರಕ್ಷಿತ ಪ್ರದೇಶದಲ್ಲಿ ಹಣವಿದ್ದವರು ರಿಸಾರ್ಟು ಕಟ್ಟಿದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಇವು ಅಕ್ರಮ ಎಂದಿತು; ಮಾರ್ಚಿನಲ್ಲಿ ಜೆಸಿಬಿಗಳು ಬಂದು ಕೆಡವಿದವು. ಕೋರ್ಟಿನ ತೀರ್ಪಿನ ಮೇಲೆ ನಮ್ಮ ತಕರಾರಿಲ್ಲ. ಹಂಪೆ ಉಳಿಯಬೇಕು, 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಸಂಪತ್ತು ರಿಸಾರ್ಟಿನವರ ಹಿತ್ತಲಲ್ಲ. ಆದರೆ ಅಂಥ ತೆರವಿನಲ್ಲಿ ರಿಸಾರ್ಟಿನ ಧಣಿಗೂ ಪಂಕ್ಚರ್ ಹಾಕುವವನಿಗೂ ಒಂದೇ ಜೆಸಿಬಿ, ಒಂದೇ ನೋಟೀಸು. ಧಣಿ ಬೇರೆ ಕಡೆ ಜಾಗ ಹುಡುಕಿಕೊಳ್ಳಬಲ್ಲನು. ಪಂಕ್ಚರ್ ಹಾಕುವವನು ಮತ್ತೆ ಕೂಲಿಗೆ ಹೋಗಬೇಕು. 2011ರ ಜುಲೈಯಲ್ಲಿ ಹಂಪೆ ಬಜಾರಿನ ಮಂಟಪಗಳಲ್ಲಿ ವಾಸವಾಗಿದ್ದ ನೂರಾರು ಕುಟುಂಬಗಳನ್ನು ಎಬ್ಬಿಸಿದಾಗಲೂ ಇದೇ ಆಯಿತು. ಕಲ್ಲನ್ನು ಕಾಪಾಡುವ ಕಾನೂನು ನಮ್ಮಲ್ಲಿದೆ. ಕಲ್ಲಿನ ನೆರಳಲ್ಲಿ ತಲೆಮಾರುಗಳಿಂದ ಬದುಕಿದವನಿಗೆ ಅದರ ಆದಾಯದಲ್ಲಿ ಪಾಲು ಕೊಡುವ ಕಾನೂನು ಇಲ್ಲ.

2025ರ ಮಾರ್ಚಿನಲ್ಲಿ ಸಣಾಪುರದ ಬಳಿ ಕಾಲುವೆಯ ದಂಡೆಯ ಮೇಲೆ ರಾತ್ರಿ ನಡೆದ ಘೋರ ಕೃತ್ಯವನ್ನು ಓದುಗರು ಮರೆತಿರಲಾರರು. ಹೋಂಸ್ಟೇ ನಡೆಸುತ್ತಿದ್ದ ಹೆಣ್ಣುಮಗಳ ಮೇಲೆ, ಅವಳ ಅತಿಥಿಯಾಗಿ ಬಂದಿದ್ದ ಪರದೇಶದ ಹೆಣ್ಣುಮಗಳ ಮೇಲೆ ಅತ್ಯಾಚಾರವಾಯಿತು. ಜತೆಗಿದ್ದ ಒಡಿಶಾದ ತರುಣ ಕಾಲುವೆಯ ಪಾಲಾದ. ಆ ಮೇಲೆ ಎದ್ದ ಕೂಗು ಏನು? ಹೋಂಸ್ಟೇ ಮುಚ್ಚಿಸಿ, ಹೊರಗಿನವರನ್ನು ಸೇರಿಸಬೇಡಿ. ಕಣ್ಣು ನೋವಿಗೆ ಕಣ್ಣು ಕೀಳುವ ವೈದ್ಯ ಇದು. ಊರಿಗೆ ಬಂದವನ ಮೇಲೆ ಊರಿನ ಹೊಣೆ ಇರಬೇಕಾದರೆ, ಆ ಬರವಿನಲ್ಲಿ ಊರಿಗೆ ಪಾಲಿರಬೇಕು. ಯಾರ ಮನೆಯಲ್ಲಿ ಅತಿಥಿ ಇದ್ದಾನೆ, ಯಾರ ಗಾಡಿಯಲ್ಲಿ ಹೋದ, ಎಷ್ಟು ಹೊತ್ತಿಗೆ ಬರಬೇಕಾಗಿತ್ತು ಎಂಬುದು ಪಂಚಾಯಿತಿಯ ಕಟ್ಟೆಗೆ ಗೊತ್ತಿರುವ ವ್ಯವಸ್ಥೆ ಒಂದು. ದೂರದ ಪೊಲೀಸ್ ಠಾಣೆಗೆ ಮರುದಿನ ಗೊತ್ತಾಗುವ ವ್ಯವಸ್ಥೆ ಇನ್ನೊಂದು.

ಹಂಪೆಯ ಈ ಎರಡು ಕಥೆಗಳಿಗೂ ತುಂಗಭದ್ರೆಯ ಮೇಲುಹರಿವಿನಲ್ಲಿರುವ ಭಾನುವಳ್ಳಿಗೂ ಏನು ಸಂಬಂಧ ಎಂದರೆ, ಹೇಳುತ್ತೇವೆ. ಹಂಪೆಗೆ ಆದದ್ದು ಎಲ್ಲ ಕಟ್ಟಿದ ಮೇಲೆ ಕೆಡವಿದ ಕಥೆ. ನಮ್ಮಲ್ಲಿ ಇನ್ನೂ ಏನೂ ಕಟ್ಟಿಲ್ಲ. ಸರಿಯಾಗಿ ಕಟ್ಟುವ ಅವಕಾಶ ಇನ್ನೂ ಇದೆ.

ಹರಿಹರದ ಕಡೆ ನೋಡುವುದಕ್ಕೆ ಏನಿದೆ ಎಂದು ನಮ್ಮವರೇ ಕೇಳುತ್ತಾರೆ. ಬೆಣ್ಣೆದೋಸೆ ತಿಂದು ಹೆದ್ದಾರಿ ಹಿಡಿಯುವುದಷ್ಟೇ ದಾವಣಗೆರೆಯ ಪ್ರವಾಸ ಎಂದಾಗಿಬಿಟ್ಟಿದೆ. ಭಾನುವಳ್ಳಿಯ ಹುಡುಗನೊಬ್ಬನ ಗಾಡಿಯ ಹಿಂದೆ ಕುಳಿತು ಎರಡು ದಿನ ಹೊರಟು ನೋಡಿ. ಹರಿಹರದಲ್ಲಿ 1224ರಲ್ಲಿ ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ. ಅರ್ಧ ಶಿವ, ಅರ್ಧ ವಿಷ್ಣು. ನಂದಿತಾವರೆಯಲ್ಲಿ ಹಳೆಯ ಶಿವಾಲಯ. ಮಲೇಬೆನ್ನೂರಿನ ಹತ್ತಿರ ಕೊಮಾರನಹಳ್ಳಿಯ ಕೆರೆಯ ದಂಡೆಯಲ್ಲಿ ಹೆಳವನಕಟ್ಟೆ ರಂಗನಾಥ. ಈ ರಂಗನ ಮುಂದೆ ಹದಿನೆಂಟನೆಯ ಶತಮಾನದಲ್ಲಿ ಗಿರಿಯಮ್ಮ ಎಂಬ ಹೆಣ್ಣುಮಗಳು ಹಾಡು ಕಟ್ಟಿದಳು. ಗಂಡಸರೇ ತುಂಬಿದ ದಾಸರ ಪರಂಪರೆಯಲ್ಲಿ ತನ್ನ ಹೆಸರು ನಿಲ್ಲಿಸಿದಳು. ಇನ್ನೂ ಮುಂದೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಚಿತ್ರದುರ್ಗದವರ ಬಾಯಾರಿಕೆಗೂ ಇದೇ ಕೆರೆಯ ನೀರು. ಪ್ರವಾಸಿಗರೇ ಇಲ್ಲ ಎನ್ನುವವರು ಒಂದು ಅಮಾವಾಸ್ಯೆಗೆ ಹೊಳೆಯ ದಂಡೆಯ ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದುಗೆಯ ಮುಂದೆ ನಿಂತು ತಲೆ ಎಣಿಸಲಿ.

ಇವೆಲ್ಲ ಇಲಾಖೆಯ ಹಲಗೆ ಹೇಳಬಹುದಾದ ಸಂಗತಿ. ಹಲಗೆ ಹೇಳದ ಸಂಗತಿಗಳೇ ಹೆಚ್ಚು, ಮತ್ತು ಅವುಗಳಿಗಾಗಿಯೇ ಊರಿನವನು ಬೇಕು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಅಲ್ಲಿಯ ಲೇತುಗಳು ದೇಶವೆಲ್ಲ ಹೋದವು. ಈ ಶತಮಾನದ ಆರಂಭದಲ್ಲಿ ಅದು ಬಾಗಿಲು ಹಾಕಿತು. ಆ ಗೇಟಿನ ಮುಂದೆ ಗಾಡಿ ನಿಲ್ಲಿಸಿ, ನಮ್ಮಪ್ಪ ಇಲ್ಲಿ ಫಿಟ್ಟರ್ ಆಗಿದ್ದ ಎಂದು ಹೇಳುವ ಹುಡುಗ ಸಿಕ್ಕಿದರೆ ಅವನಿಗಿಂತ ದೊಡ್ಡ ಗೈಡು ಬೇಕೆ? ಹೊಳೆಯ ಆಚೆ ಕುಮಾರಪಟ್ಟಣದಲ್ಲಿ 1972ರಲ್ಲಿ ಶುರುವಾದ ಹರಿಹರ ಪಾಲಿಫೈಬರ್ಸ್. ಅದರ ಕೊಳೆನೀರಿನ ವಿರುದ್ಧ 1980ರ ದಶಕದಲ್ಲಿ ದಂಡೆಯ ಹಳ್ಳಿಗಳು ಎದ್ದವು, ಸಮಾಜ ಪರಿವರ್ತನ ಸಮುದಾಯದವರು ಜತೆ ನಿಂತರು. ಈ ಕಾರ್ಖಾನೆಗೆ ನೀಲಗಿರಿ ಬೆಳೆಯಲೆಂದು ಸರಕಾರ 1984ರಲ್ಲಿ ಅದರ ಜತೆ ಸೇರಿ ಒಂದು ಕಂಪೆನಿ ಮಾಡಿ, ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ 30,000 ಹೆಕ್ಟೇರು ಸಾಮೂಹಿಕ ಭೂಮಿಯನ್ನು ಕೊಡಹೊರಟಿತು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹವೆಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಆ ಕಂಪೆನಿ ಮುಚ್ಚಿತು. ವಿಯೆಟ್ನಾಮಿನ ಹುಡುಗ 'ಸುಖದ ದಾರಿ'ಯ ಕಥೆ ಹೇಳುವಂತೆ ನಮ್ಮ ಹುಡುಗ ಹೇಳಬಹುದಾದ ಕಥೆ ಇದಲ್ಲವೆ? ಹತ್ತಿಮಿಲ್ಲುಗಳ ದಾವಣಗೆರೆ ಕಾಮ್ರೇಡ್ ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿದ್ದು, ಇಂದಿಗೂ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವವರ ಪಾಡು, ಭದ್ರಾ ನಾಲೆಯ ಕೊನೆಭಾಗದ ರೈತನಿಗೆ ಬೇಸಗೆಯ ಬತ್ತಕ್ಕೆ ನೀರು ಬಂದು ಮುಟ್ಟದ ಗೋಳು, ಇವನ್ನು ಯಾವ ಹಲಗೆ ಬರೆಯುತ್ತದೆ?

ಹುಡುಗನಿದ್ದಾನೆ, ಗಾಡಿಯಿದೆ, ಹೇಳಲು ಕಥೆಯಿದೆ. ಅಡ್ಡ ಬರುವುದು ಕಾನೂನು. 1997ರಲ್ಲಿ ಕೇಂದ್ರ ಸರಕಾರ ಮೋಟಾರು ಸೈಕಲ್ಲುಗಳನ್ನು ಬಾಡಿಗೆಗೆ ಕೊಡುವ ಬಗ್ಗೆ ಒಂದು ಸ್ಕೀಮು ಹೊರಡಿಸಿತು. ಅದರ ಪ್ರಕಾರ ಲೈಸೆನ್ಸು ಬೇಕಾದವನ ಬಳಿ ಪರ್ಮಿಟ್ಟಿರುವ ಗಾಡಿಗಳು ಐದಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಐದು ಹೊಸ ಗಾಡಿಗೆ ಎಷ್ಟು ಕಡಿಮೆಯೆಂದರೂ ನಾಲ್ಕು ಲಕ್ಷ ರೂಪಾಯಿ. ಭಾನುವಳ್ಳಿಯಂಥ ಊರಿನಲ್ಲಿ ಒಂದು ಗಾಡಿಯನ್ನೇ ಫೈನಾನ್ಸಿನವರ ಕಂತಿನಲ್ಲಿ ತಂದಿರುತ್ತಾರೆ; ಬೆಳಗ್ಗೆ ಅದರಲ್ಲೇ ಡೇರಿಗೆ ಹಾಲು, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಹೆಂಡತಿ ಮಕ್ಕಳು. ಆ ಹಾಲಿನ ಡೇರಿಯನ್ನೇ ನೋಡಿ. ಒಂದು ಹಸು ಇದ್ದವನೂ ಸಂಘದ ಸದಸ್ಯ. ಐದು ಹಸು ಕಟ್ಟಿಕೊಂಡು ಬಾ, ಆಮೇಲೆ ನಿನ್ನ ಹಾಲು ಅಳೆಯುತ್ತೇವೆ ಎಂದು ಯಾರಾದರೂ ಅಂದಿದ್ದರೆ ಈ ಜಿಲ್ಲೆಯಲ್ಲಿ ಹಾಲಿನ ಸಂಘ ಹುಟ್ಟುತ್ತಿತ್ತೆ?

ತಾನೇ ಓಡಿಸಿ ಹಿಂದೆ ಒಬ್ಬನನ್ನು ಕೂರಿಸಿಕೊಂಡು ಹೋಗುವುದಂತೂ ಇನ್ನೊಂದು ತೊಡಕು. ರಾಜ್ಯ ಸರಕಾರ 2021ರಲ್ಲಿ ವಿದ್ಯುತ್ ಬೈಕುಗಳಿಗೆ ಟ್ಯಾಕ್ಸಿಯಾಗಲು ಯೋಜನೆ ಮಾಡಿತು, 2024ರ ಮಾರ್ಚಿನಲ್ಲಿ ಹಿಂತೆಗೆದುಕೊಂಡಿತು. 2025ರ ಏಪ್ರಿಲಿನಲ್ಲಿ ಹೈಕೋರ್ಟು, ಸರಕಾರ ನಿಯಮ ಮಾಡುವವರೆಗೆ ಬೈಕ್ ಟ್ಯಾಕ್ಸಿ ಕೂಡದು ಎಂದಿತು, ಜೂನಿನಲ್ಲಿ ಗಾಡಿಗಳು ನಿಂತವು, ಮೇಲ್ಮನವಿಗಳು ನಡೆದವು. ಈ ಜಗಳವೆಲ್ಲ ಬೆಂಗಳೂರಿನ ಕಂಪೆನಿಗಳನ್ನೂ ಅಲ್ಲಿಯ ರಸ್ತೆಗಳನ್ನೂ ಕುರಿತದ್ದು. ಆಟೋದವನನ್ನೂ ಬೈಕಿನವನನ್ನೂ ಎದುರುಬದುರು ನಿಲ್ಲಿಸಿ, ಮೊಬೈಲಿನ ಒಳಗೆ ಕುಳಿತ ಕಂಪೆನಿ ಇಬ್ಬರಿಂದಲೂ ಕಮಿಷನ್ ಎಣಿಸುವ ಆಟ ಅದು. ಆಟೋದವರ ಹೊಟ್ಟೆಯುರಿ ನಮಗೆ ಅರ್ಥವಾಗುತ್ತದೆ. ಆದರೆ ಉಕ್ಕಡಗಾತ್ರಿಯಿಂದ ಕೊಮಾರನಹಳ್ಳಿಗೆ ಅತಿಥಿಯನ್ನು ಕರೆದೊಯ್ಯುವ ಹಳ್ಳಿಗನ ಮಾತು ಆ ವಾದಗಳಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಇನ್ನೊಂದು ಕಡೆಯ ಆಕ್ಷೇಪಣೆಯನ್ನೂ ಎತ್ತಿಕೊಳ್ಳಬೇಕು, ನಮ್ಮವರೇ ಎತ್ತುವುದು. ಪ್ರವಾಸ ಬಂದರೆ ಹಳ್ಳಿ ಆಟದ ಬಯಲಾಗುತ್ತದೆ, ರೈತ ಆಳಾಗುತ್ತಾನೆ, ಬಡತನ ಪ್ರದರ್ಶನದ ವಸ್ತುವಾಗುತ್ತದೆ ಎಂದು. ಇದು ಸುಳ್ಳಲ್ಲ, ಹೂವಿನ ಬುಟ್ಟಿಯ ಮಕ್ಕಳ ಮಾತನ್ನು ಮೇಲೆಯೇ ಹೇಳಿದ್ದೇವೆ. ಅದಕ್ಕೆ ಮದ್ದು ಒಂದೇ: ಯಾರು ಬರಬೇಕು, ಎಲ್ಲಿಗೆ ಹೋಗಬೇಕು, ದರ ಎಷ್ಟು ಎಂಬುದನ್ನು ಗ್ರಾಮಸಭೆ ಗೊತ್ತುಮಾಡುವುದು. ಅದರಲ್ಲೂ ಎಚ್ಚರ ಬೇಕು. ಊರ ಮುಂದಿನ ದೊಡ್ಡಮನೆಯ ಮಕ್ಕಳೇ ಗೈಡುಗಳಾಗಿ, ಅತಿಥಿ ಅವರ ಪಡಸಾಲೆಯಲ್ಲೇ ಉಂಡು ಎದ್ದರೆ, ಕೇರಿಯ ಕಡೆ ಗಾಡಿ ತಿರುಗುವುದೇ ಇಲ್ಲ. ಸಂಘದಲ್ಲಿ ಕೇರಿಯವರಿಗೆ ಸರಿಪಾಲು ಇರಬೇಕು, ಬೈಲಾದಲ್ಲಿಯೇ ಬರೆದಿರಬೇಕು. ಹೆಂಗಸರ ಮಾತೂ ಅಷ್ಟೇ. ವಿಯೆಟ್ನಾಮಿನ ಸಾಪಾ ಬೆಟ್ಟಗಳಲ್ಲಿ ಹ್ಮಾಂಗ್ ಹೆಂಗಸರೇ ಮುಂದಾಗಿ ಅತಿಥಿಗಳಿಗೆ ದಾರಿ ತೋರಿಸುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘದವರನ್ನು ರೊಟ್ಟಿ ತಟ್ಟುವುದಕ್ಕೆ ಮಾತ್ರ ಕರೆಯುವುದಾದರೆ, ಗಿರಿಯಮ್ಮನ ಊರಿನವರು ಎಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ನಾಟಿ ಗದ್ದೆಯ ಸಂಗತಿ ನಾಟಿ ಹಾಕುವವಳಿಗಿಂತ ಚೆನ್ನಾಗಿ ಯಾರು ಹೇಳಿಯಾರು?

ಸಹಕಾರ ಸಂಘ ಎಂದೊಡನೆ ಅಧಿಕಾರಿಗಳು ಆಕಳಿಸುತ್ತಾರೆ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಕೃಷಿಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಅವರಿಗೆ ಯಾವ ಕನ್ಸಲ್ಟೆಂಟೂ ವರದಿ ಬರೆದುಕೊಟ್ಟಿರಲಿಲ್ಲ. ಇಪ್ಪತ್ತು ಮಂದಿ ಒಂದೊಂದು ಗಾಡಿಯವರು ಸೇರಿದರೆ ಇಪ್ಪತ್ತು ಗಾಡಿಯ ಸಂಘವಾಗುತ್ತದೆ. ವಿಮೆ, ಹೆಲ್ಮೆಟ್ಟು, ಗಾಡಿಯ ತಪಾಸಣೆ ಸಂಘದ ಹೊಣೆ. ದಿನದ ಬಾಡಿಗೆಯಲ್ಲಿ ಓಡಿಸಿದವನ ಪಾಲು, ಸಂಘದ ಪಾಲು, ಪಂಚಾಯಿತಿಯ ಪಾಲು ಎಷ್ಟೆಂದು ಗೋಡೆಯ ಮೇಲೆ ಬರೆದಿರಲಿ. ರಸ್ತೆಯ ಮಾತು ಬೇರೆ: ಮರಳಿನ ಲಾರಿಗಳು ಅಗೆದು ಹಾಕಿದ ಹೊಳೆಸಾಲಿನ ರಸ್ತೆಯಲ್ಲಿ ಅತಿಥಿಯ ಸೊಂಟ ಉಳಿಯುವುದೇ ಸಂಶಯ. ಲಾರಿಗಳನ್ನು ತಡೆಯಬೇಕಾದವರು ಯಾರು, ತಡೆಯದಿರುವುದು ಏಕೆ ಎಂಬುದು ಈ ತಾಲ್ಲೂಕಿನ ಮಕ್ಕಳಿಗೂ ಗೊತ್ತು.

ಆದುದರಿಂದ ಸಂಗಾತಿಗಳಲ್ಲಿ ನಮ್ಮ ಸಲಹೆ ಇಷ್ಟು. ಭಾನುವಳ್ಳಿಯಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಬರುವ ಗ್ರಾಮಸಭೆಯ ಮುಂದೆ ಈ ವಿಷಯವನ್ನು ಇಟ್ಟು ನಡಾವಳಿಯಲ್ಲಿ ಬರೆಸಿ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ಮಾಡದೆ ಬಿಟ್ಟ ಸರಕಾರಗಳಿಗೆ ಗ್ರಾಮಸಭೆಯ ಕಾಗದ ಒಂದೇ ಹಳ್ಳಿಯ ದನಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ಸಾರಿಗೆ ಮಂತ್ರಿಗೆ. ಐದು ಗಾಡಿಯ ಕಟ್ಟಳೆ ದೆಹಲಿಯದಾದ್ದರಿಂದ ಮೂರನೆಯ ಪ್ರತಿ ದಾವಣಗೆರೆಯ ಲೋಕಸಭಾ ಸದಸ್ಯರಿಗೆ. ಅವರ ಪಕ್ಷ ಯಾವುದಾದರೂ ಇರಲಿ, ಪ್ರಶ್ನೋತ್ತರ ವೇಳೆಯಲ್ಲಿ ಕೇಳುವುದಕ್ಕೆ ಅದು ಅಡ್ಡಿಯಲ್ಲ. ಕೇಳಬೇಕಾದ ಪ್ರಶ್ನೆ ಒಂದು ಸಾಲಿನದು: 1997ರ ಸ್ಕೀಮಿನಲ್ಲಿ ಐದು ಎಂಬ ಅಂಕಿಯನ್ನು ಸಹಕಾರ ಸಂಘದ ಸದಸ್ಯರ ಮಟ್ಟಿಗೆ ಒಂದು ಎಂದು ತಿದ್ದಲು ಸರಕಾರ ಸಿದ್ಧವಿದೆಯೆ, ಇಲ್ಲವಾದರೆ ಕಾರಣವೇನು?